ಬಂಗುಡೆಯ ತಲೆಗೆ ಬನಶಂಕರಿಯಲ್ಲಿ ಜಾಗವಿಲ್ಲ

ಹೇಳಿ ನೋಡುವಾ, ನಾಲ್ಕು ಬಂಗುಡೆಯ ತಲೆ, ಕರುಳು ಹಿಡಿದುಕೊಂಡ ಮುದುಕಿಯೊಬ್ಬಳು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು? ನಗಬೇಡಿ. ಬನಶಂಕರಿಗೆ ಬಂದ ವಾರದಲ್ಲೇ ನಾನು ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಮೊಮ್ಮಗಳು ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದ್ದಾಳೆ. ಊರಿನಲ್ಲಿರುವ ನಿಮಗೆಲ್ಲ ಇದನ್ನು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ಸುಳ್ಳು ಹೇಳಲು ಇದು ತೀರಾ ನಿಧಾನ, ಹಾಗಾಗಿ ನಿಜವನ್ನೇ ಬರೆಯುತ್ತೇನೆ.

ಕುಂದಾಪುರದ ಆಚೆಯ ನಮ್ಮೂರಿನಲ್ಲಿ ಮೀನಿನ ತಲೆ ತೆಂಗಿನ ಬುಡಕ್ಕೆ ಹೋಗುತ್ತದೆ, ಅದನ್ನು ಯಾರೂ ಕಸ ಎನ್ನುವುದಿಲ್ಲ. ಇಲ್ಲಿ ಮಗಳ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಕೆಳಗೆ ಒಂದು ತೆಂಗಿನ ಮರವೇನೋ ಇದೆ, ಆದರೆ ಕಾಂಡಕ್ಕೆ ಅಂಟುವವರೆಗೂ ಟೈಲ್ಸ್. ಕುಂಡದ ಮಣ್ಣಿಗಾದರೂ ಹಾಕಲೇ ಎಂದು ಮನೆ ಓನರ್ ಗೌರಮ್ಮನನ್ನು ಕೇಳಿದೆ.

"ಅಯ್ಯೋ ಬ್ಯಾಡಿ ಅಜ್ಜಿ, ಬೆಕ್ಕುಗಳು ಕುಂಡ ಎಲ್ಲಾ ಕೆದಕಾಕ್ತವೆ. ಇಲ್ಲಿ ನಮ್ ರಾಗಿ ಹೊಲ ಇತ್ತಲ್ಲ, ಆವಾಗ ಬಂದಿದ್ರೆ ಒಂದ್ ಬುಟ್ಟಿ ಹಾಕ್ಬೋದಿತ್ತು. ನೀವು ಮಂಗ್ಳೂರೋರು ಲೇಟಾಗಿ ಬಂದ್ರಿ ಬಿಡಿ!" ಎಂದರು. ಕಡಲ ಕಡೆಯವರೆಲ್ಲ ಇವರಿಗೆ ಮಂಗಳೂರಿನವರೇ.

ಕಸದ ಆಟೋ ಬೆಳಿಗ್ಗೆ ಹಾಡು ಹಾಕಿಕೊಂಡು ಬರುತ್ತದೆ. ನಮ್ಮ ಗೇಟಿನೆದುರು ಅದು ನಿಲ್ಲುವಷ್ಟು ಹೊತ್ತಿನಲ್ಲಿ ನನ್ನ ಮಂಡಿ ಐದು ಮೆಟ್ಟಿಲು ಇಳಿಯುತ್ತದೆ. ನರ್ಸ್ ಆಗಿರುವ ಮಗಳು ಡ್ಯೂಟಿಗೆ, ಮೊಮ್ಮಗಳು ಕಾಲೇಜಿಗೆ ಆಗಲೇ ಹೋಗಿರುತ್ತಾರೆ. ಎರಡು ದಿನ ಆಟೋದ ಬೆನ್ನು ನೋಡಿದೆ. ಮೂರನೆಯ ದಿನ ಮನೆಯೆಲ್ಲ ನಾತ. ಬಿಸಿಲು ಬೀಳುವ ಮೊದಲೇ ಕೊಡೆ ಬಿಡಿಸಿಕೊಂಡು ಹೊರಟೆ. ಕೊಡೆ ಬಿಸಿಲಿಗಲ್ಲ, ಮುಖಕ್ಕೆ. ತಿರುವಿನ ಕರೆಂಟ್ ಕಂಬದ ಬುಡದಲ್ಲಿ ಯಾರ್‍ಯಾರೋ ಎಸೆದ ರಾಶಿ ಇತ್ತು. ತಲೆ, ಕರುಳು, ಉಂಡುಳಿದ ಮುಳ್ಳು ತುಂಬಿದ ಪ್ಲಾಸ್ಟಿಕ್ ಕವರನ್ನು ಮೆಲ್ಲನೆ ಅಲ್ಲಿಟ್ಟು, ಚಪ್ಪಲಿ ಸರಿಮಾಡಿಕೊಂಡವಳಂತೆ ಎದ್ದು ಬಂದೆ.

ಇದನ್ನು ಮಾಡಿದವಳು ಯಾರು? ಪ್ರತಿ ಭಾನುವಾರ ನಿಮ್ಮನ್ನೆಲ್ಲ ಎಬ್ಬಿಸಿ, ಕಡಲು ಇಳಿದ ಹೊತ್ತಿಗೆ ತುಂಡು ಬಲೆ, ಬಾಟಲಿ, ಥರ್ಮಾಕೋಲು ಹೆಕ್ಕಿಸುತ್ತಿದ್ದ ಇದೇ ಜಲಜ. ಕಡಲಿಗೆ ಕಸ ಹಾಕಿ ಸಿಕ್ಕಿಬಿದ್ದವರು ಆ ವರ್ಷ ಆಮೆ ಮರಿಗಳನ್ನು ನೀರಿಗೆ ಬಿಡುವಾಗ ಹಗ್ಗದ ಆಚೆ ನಿಲ್ಲಬೇಕು ಎಂಬ ಕಟ್ಟಳೆ ಮಾಡಿದವಳೂ ನಾನೇ. ಮೀನು ಮಾರುವ ಶೇಷಿ ಒಡೆದ ಐಸ್ ಪೆಟ್ಟಿಗೆಯೊಂದನ್ನು ಅಳಿವೆಯಲ್ಲಿ ತೇಲಿಬಿಟ್ಟದ್ದಕ್ಕೆ ಅವಳನ್ನು ಆಚೆ ನಿಲ್ಲಿಸಿದ್ದೆ. ಆ ವರ್ಷ ಮರಳಿನಲ್ಲಿ ಆಮೆಯ ಗೂಡು ಕಂಡುಹಿಡಿದವಳೇ ಅವಳು. "ಒಂದ್ ಮರಿಯಾರೂ ಕಾಂತೆ ಅಕ್ಕ" ಎಂದು, ಒಂದನ್ನಾದರೂ ನೋಡಲು ಬಿಡಿ ಎಂದು ಗೋಗರೆದಳು. ನಾನು ಹಗ್ಗ ಸಡಿಲಿಸಲಿಲ್ಲ.

ಕವರಿಟ್ಟ ದಿನ ಮೊಮ್ಮಗಳನ್ನು ಕೇಳಿದೆ, ಇಲ್ಲಿನ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು. "ರಾಜಕಾಲುವೆಗೆ, ಅಂದ್ರೆ ದೊಡ್ಡ ಮೋರಿಗೆ. ಅಲ್ಲಿಂದ ವೃಷಭಾವತಿ, ಅರ್ಕಾವತಿ, ಕಾವೇರಿ, ಆಮೇಲೆ ಸಮುದ್ರ. ಆದ್ರೆ ನಿಮ್ ಸಮುದ್ರ ಅಲ್ಲ ಅಜ್ಜಿ, ಆ ಕಡೇದು" ಎಂದಳು. ಹೇಳಲು ನಾಚಿಕೆಯಾಗುತ್ತದೆ, ನನಗೆ ಸಮಾಧಾನವಾಯಿತು. ಆ ಕಡೆಯದು ತಾನೇ!

ಮರುದಿನ ಬೆಳಿಗ್ಗೆ ಆಟೋ ಬರುವ ಮೊದಲೇ ಇಳಿದು ಗೇಟಿನ ಹತ್ತಿರ ಕಾದೆ. ಕಸ ಎತ್ತುವ ಮಂಜಮ್ಮ ಕಂಬದ ಕಡೆಯಿಂದ ಬೆರಳು ಒತ್ತಿಕೊಂಡು ಬಂದರು. ನಾಯಿಗಳು ಕವರನ್ನು ಹರಿದಿದ್ದವು. ಹರಡಿದ್ದನ್ನು ಬಾಚುವಾಗ ಮುಳ್ಳು ಗ್ಲೌಸ್ ದಾಟಿ ಉಗುರಿನ ಸಂದಿಗೆ ಇಳಿದಿತ್ತು.

"ನೋಡಿ ಅಜ್ಜಿ, ಯಾವ್ ಪುಣ್ಯಾತ್ಗಿತ್ತಿನೋ ಮೀನ್ ತಾನ್ ತಿಂದು ಮುಳ್ಳು ನಂಗಿಟ್ಟವ್ಳೆ."

"ಎಂಥಾ ಜನವೋ" ಎಂದೆ. ಹೌದು, ಹಾಗೆಯೇ ಎಂದೆ. ಮೆಟ್ಟಿಲ ಮೇಲೆ ಕೂರಿಸಿ, ಮುಳ್ಳು ತೆಗೆದು ಅರಿಶಿನ ಹಚ್ಚಿದೆ. ಮೀನಿನ ಮುಳ್ಳು ತೆಗೆಯುವುದರಲ್ಲಿ ನನ್ನ ಕೈ ಪಳಗಿದ್ದು ನಿಮಗೆ ಗೊತ್ತಲ್ಲ. ಮಂಜಮ್ಮ ಕಣ್ಣು ತುಂಬಿಕೊಂಡು, "ನಿಮ್ಮಂಥೋರು ಬೀದಿಗೊಬ್ರು ಇದ್ರೆ ಸಾಕು ಕಣಜ್ಜಿ" ಎಂದರು. ನಾಳೆಯಿಂದ ನಮ್ಮ ಗೇಟಿನೆದುರು ಆಟೋ ಎರಡು ನಿಮಿಷ ಹೆಚ್ಚು ನಿಲ್ಲಿಸುವಂತೆ ಡ್ರೈವರಿಗೂ ಹೇಳಿದರು. ಈಗ ದಿನವೂ ನಿಲ್ಲುತ್ತದೆ. ಗೌರಮ್ಮ ಅಸೂಯೆಪಡುತ್ತಾರೆ. ಈ ಊರಿನಲ್ಲಿ ನಾನು ಗಳಿಸಿದ ಮೊದಲ ಮರ್ಯಾದೆ ಇದು, ಅದೂ ಕದ್ದದ್ದು.

ಮೊನ್ನೆ ಶೇಷಿ ಫೋನ್ ಮಾಡಿದಳು. ನಾನು ಬಂದ ಮೇಲೆ ಭಾನುವಾರದ ಕೆಲಸವನ್ನೆಲ್ಲ ನಡೆಸುತ್ತಿರುವವಳು ಅವಳೇ. ಗೂಡಿನಲ್ಲಿ ಮರಿಗಳು ಏಳುವ ದಿನ ಹತ್ತಿರವಾಗಿದೆಯಂತೆ. "ಬನ್ನಿ ಜಲಜಕ್ಕ, ಈ ಸರ್ತಿ ಬುಟ್ಟಿ ಹಿಡೂಕೆ ನೀವೇ ಆಯ್ಕ್" ಎಂದಳು. ಮರಿಗಳನ್ನು ನೀರಿನವರೆಗೆ ಒಯ್ಯುವ ಆ ಬುಟ್ಟಿ ಹಿಡಿಯುವ ಕನಸು ಇಲ್ಲಿಯೂ ಬೀಳುತ್ತದೆ ನನಗೆ. ಆದರೂ ಬಾಯಿ ತೆರೆದರೆ ಬಂಗುಡೆಯ ಕಥೆಯೇ ಹೊರಬಂತು, ಕೊಡೆಯಿಂದ ಅರಿಶಿನದವರೆಗೆ.

"ನನ್ನನ್ನು ಹಗ್ಗದ ಆಚೆ ನಿಲ್ಸ್ ಶೇಷಿ. ನಿಮ್ಗೆಲ್ಲ ತಪ್ಪಾಯ್ತ್ ಅಂದ್ ಹೇಳ್ತೆ" ಎಂದೆ. ಅವಳು ನಗುತ್ತಾಳೆ, ಇಲ್ಲವೇ ಹಳೆಯ ಸೇಡು ತೀರಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಅವಳು ನಗಲಿಲ್ಲ. "ಕಸ ಹಾಕಿದ್ದ್ ಆ ಊರಗೆ, ತಪ್ಪಾಯ್ತ್ ಅಂಬುದ್ ನಮ್ಮತ್ರವಾ?" ಎಂದಳು. "ಮುಳ್ಳ್ ಚುಚ್ಚಿದ್ದ್ ಆ ಹೆಂಗ್ಸಿಗೆ. ಅವ್ಳತ್ರ ಹೇಳದ್ದೆ ಇಲ್ಲಿಗ್ ಓಡಿ ಬಪ್ಪುಕೆ, ಅಲ್ಲಿಯೋರ್ ನಿಮ್ಗೆ ಜನ ಅಲ್ದಾ ಅಕ್ಕ?"