ಕೂರುವ ಮುನ್ನ

ಯಾವ ಮರದಡಿ ಕೂರುವುದಿದ್ದರೂ ನಮ್ಮ ತಾತ ಮೊದಲು ಕತ್ತೆತ್ತಿ ಕೊಂಬೆಗಳನ್ನು ನೋಡುತ್ತಿದ್ದರು. "ಮೇಲ್ ನೋಡಿ ಕೂತ್ಕೊಳ್ರೋ" ಎಂಬುದು ಅವರು ದಿನವೂ ಹೇಳುವ ಮಾತು.

ಒಂದು ಬೇಸಿಗೆ, ತಾತ, ಅಜ್ಜಿ, ಮೊಮ್ಮಕ್ಕಳು ಗಾಡಿ ಕಟ್ಟಿಕೊಂಡು ಕುಂದಾಣದ ಕಡೆ ಹೊರಟಿದ್ದೆವು. ತಾತ ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಇಳಿದಾಗ ಅಜ್ಜಿ ಆಲದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೊತ್ತಿಸಿದರು. ಮೇಲೆ ಹೆಜ್ಜೇನು ಕಟ್ಟಿದ್ದನ್ನು ನಾವ್ಯಾರೂ ನೋಡಿರಲಿಲ್ಲ. ಹೊಗೆ ಏರಿದ್ದೇ ಹುಳುಗಳು ಎದ್ದವು.

ಓಡಿಬಂದ ತಾತ ನಮ್ಮನ್ನೆಲ್ಲ ನೆಲಕ್ಕೆ ಕೆಡವಿ, ಕಂಬಳಿ ಹೊದಿಸಿ, ಅದರ ಅಂಚು ಅದುಮಿಕೊಂಡು ಹೊರಗೇ ಕೂತರು. "ಅಲ್ಲಾಡ್ಬೇಡ್ರೋ, ಅಲ್ಲಾಡ್ಬೇಡ್ರೋ" ಎನ್ನುತ್ತಿದ್ದ ದನಿ ಆಮೇಲೆ ನಿಂತುಹೋಯಿತು. ಕತ್ತಲೆಯೊಳಗೆ ಅಜ್ಜಿ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದರು.

ಹುಳುಗಳು ಚದುರಿದ ಮೇಲೆ ಅಜ್ಜಿ ತಾತನನ್ನು ದೂರದ ಹುಣಸೆ ಮರದ ನೆರಳಿಗೆ ನಡೆಸಿಕೊಂಡು ಹೋದರು. ಊದಿಕೊಂಡು ಕಣ್ಣೆರಡೂ ಮುಚ್ಚಿಹೋಗಿದ್ದವು. ಆದರೂ ತಾತ ಕೂರಲಿಲ್ಲ. ಕತ್ತೆತ್ತಿ ನಿಂತು ಕೇಳಿದರು: "ನೋಡ್ರೋ, ಮೇಲೇನೈತೆ?"