ಮನೆ ನೋಡಿಕೊಡುವ ಸುನಿಲ್ದಾ

ನಮ್ಮ ಇನ್‌ವುಡ್ ಬಡಾವಣೆಯಲ್ಲಿ ಯಾರಿಗೇ ಬಾಡಿಗೆ ಮನೆ ಬೇಕಾಗಲಿ, ಮೊದಲು ತಟ್ಟುವುದು ಸುನಿಲ್ದಾ ಪೆಗೇರೊ ಅವರ ಬಾಗಿಲು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಓಣಿಯ ಚಿಕ್ಕವರಿಗೂ ದೊಡ್ಡವರಿಗೂ ಅವರು ‘ದೋನ್ಯಾ’, ಅಂದರೆ ನಮ್ಮ ಸ್ಪ್ಯಾನಿಷ್‌ನಲ್ಲಿ ಅಮ್ಮಾವ್ರು. ದಲ್ಲಾಳಿಯಲ್ಲ, ವಕೀಲರಲ್ಲ. ಯಾರಿಂದಲೂ ಕಾಸು ಮುಟ್ಟುವುದಿಲ್ಲ. ಒಂದು ಕಪ್ ಕಾಫಿ ಕೊಟ್ಟರೆ ಸಾಕು, ಅದಕ್ಕೂ ಸಕ್ಕರೆ ಸಾಲದೆಂದು ಗೊಣಗುತ್ತಾರೆ.

ಅವರು ಹುಡುಕುವುದು ಸರ್ಕಾರ ಬಾಡಿಗೆಗೆ ಲಗಾಮು ಹಾಕಿರುವ ಮನೆಗಳನ್ನು ಮಾತ್ರ. ಅಂಥ ಮನೆಯಲ್ಲಿ ಮಾಲೀಕ ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವಂತಿಲ್ಲ, ಕರಾರು ಮುಗಿಯಿತೆಂದು ಹೊರಗೆ ಹಾಕುವಂತೆಯೂ ಇಲ್ಲ. ಆದರೆ ಯಾವ ಬಾಗಿಲ ಮೇಲೂ ಹಾಗೆಂದು ಬರೆದಿರುವುದಿಲ್ಲವಲ್ಲ! ದೋನ್ಯಾ ಮೊದಲು ಹೊರಬಾಗಿಲ ಪಕ್ಕದ ಕರೆಗಂಟೆಗಳನ್ನು ಎಣಿಸುತ್ತಾರೆ. ಆರಕ್ಕಿಂತ ಕಡಿಮೆ ಮನೆಗಳಿದ್ದರೆ ಸಾಮಾನ್ಯವಾಗಿ ಕಾಯಿದೆ ತಾಗುವುದಿಲ್ಲ, ಹಾಗಾಗಿ ಮೆಟ್ಟಿಲನ್ನೂ ಹತ್ತದೆ ವಾಪಸ್. ಒಳಗೆ ಹೋದರೆ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿಟ್ಟು, ಕಿಟಕಿಯ ಕೆಳಗಿನ ಗೋಡೆಗೆ ಅಂಗೈ ಒತ್ತಿ ತೇವ ನೋಡುತ್ತಾರೆ. ಕೊನೆಗೆ ಬಾಡಿಗೆಯ ಚರಿತ್ರೆ. ಯಾವ ವರ್ಷ ಎಷ್ಟು ಬಾಡಿಗೆಯಿತ್ತು ಎಂಬ ಪಟ್ಟಿ ಸರ್ಕಾರಿ ಕಚೇರಿಯಲ್ಲಿರುತ್ತದೆ; ಹೊರಗಿನವರು ಕೇಳಿದರೆ ಕೊಡುವುದಿಲ್ಲ, ಆ ಮನೆಯಲ್ಲಿರುವವರೇ ಕೇಳಬೇಕು. ಅದಕ್ಕೇ ದೋನ್ಯಾ ಮನೆ ಬಿಡುವವರ ಜೊತೆ ಕೂತು ಕಷ್ಟಸುಖ ಮಾತಾಡಿ ಅವರಿಂದಲೇ ಅರ್ಜಿ ಬರೆಸುತ್ತಾರೆ.

ನಮ್ಮದೂ ಅಂಥದ್ದೇ ಲಗಾಮಿನ ಮನೆ, ಆದರೆ ಲಿಫ್ಟ್ ಇಲ್ಲದ ಕಟ್ಟಡದ ಐದನೆಯ ಮಹಡಿ. ಅಮ್ಮನ ಎರಡೂ ಮಂಡಿ ಹೋಗಿವೆ. ಮೂರನೆಯ ಮಹಡಿಯವರು ಪಾಪ, ಅವಳಿಗೆಂದೇ ಹೊರಗೊಂದು ಕುರ್ಚಿ ಹಾಕಿಟ್ಟಿದ್ದಾರೆ. ಕೆಳಗಿನ ಮಹಡಿಯ ಮನೆಗಾಗಿ ಒಂದು ವರ್ಷದಿಂದ ನಾನು ದೋನ್ಯಾರ ತಲೆ ತಿನ್ನುತ್ತಿದ್ದೆ. ಮಾರ್ಚ್‌ನಲ್ಲಿ ಅವರೇ ಫೋನ್ ಮಾಡಿದರು.

“ಬೆಲ್ಕಿಸ್, ಎರಡು ಬೀದಿ ಆಚೆ ನೆಲಮಹಡಿ ಖಾಲಿ ಆಗ್ತಿದೆಯಂತೆ. ಕರೆಗಂಟೆ ಇಪ್ಪತ್ತನಾಲ್ಕಿದೆ, ಎಣಿಸಿ ಬಂದೆ. ಕೋಟ್ ಹಾಕ್ಕೊಂಡು ಬಾ.”

ಬಾಗಿಲು ತೆಗೆದವಳು ಯಾಮಿಲೆಟ್ ಎಂಬ ಹುಡುಗಿ, ಇಪ್ಪತ್ಮೂರು ಇರಬಹುದು. ಅಜ್ಜ ತೀರಿಕೊಂಡು ತಿಂಗಳಾಗಿತ್ತು. ಅರ್ಧ ಮನೆ ಪೆಟ್ಟಿಗೆಗಳಲ್ಲಿತ್ತು. ನಲ್ಲಿಯಲ್ಲಿ ನೀರು ಚೆನ್ನಾಗಿ ಬಂತು, ಗೋಡೆ ಒಣಗಿತ್ತು, ಹೊರಗೆ ಎರಡೇ ಮೆಟ್ಟಿಲು. ನಾನು ಮನಸ್ಸಿನಲ್ಲೇ ಅಮ್ಮನ ಮಂಚವನ್ನು ಕಿಟಕಿಯ ಪಕ್ಕ ಹಾಕಿಬಿಟ್ಟೆ.

ದೋನ್ಯಾ ಅರ್ಜಿಯ ಹಾಳೆ ಬಿಡಿಸಿಕೊಂಡು ಕೇಳಿದರು, “ಎಲ್ಲಿಗೆ ಹೋಗ್ತಿದ್ದೀಯ ಮಗಳೇ?”

“ಪೆನ್ಸಿಲ್ವೇನಿಯಾಕ್ಕೆ, ಸೋದರತ್ತೆ ಮನೆಗೆ. ಇಲ್ಲಿ ಕೆಲಸ ಬಿಡೋಕೆ ಇಷ್ಟ ಇರಲಿಲ್ಲ. ಆದ್ರೆ ಕರಾರು ಅಜ್ಜನ ಹೆಸರಲ್ಲಿತ್ತು, ತಿಂಗಳ ಕೊನೆಗೆ ಬಿಡು ಅಂತ ಮಾಲೀಕರ ಕಡೆಯವರು ಹೇಳಿದ್ರು.”

“ಎಷ್ಟು ದಿನದಿಂದ ಇದ್ದೀಯ ಅಜ್ಜನ ಜೊತೆ?”

“ಆರನೇ ಕ್ಲಾಸಿಂದ.”

ದೋನ್ಯಾರ ಪೆನ್ನು ನಿಂತಿತು. ಮನೆ ಕೈತಪ್ಪುವ ವಾಸನೆ ನನಗೆ ಬಡಿಯಿತು. ಮೇಜಿನ ಕೆಳಗೆ ಅವರ ತೊಡೆ ಚಿವುಟಿದೆ. ನಾಚಿಕೆಯೇನಿಲ್ಲ, ಹೇಳುತ್ತಿದ್ದೇನೆ, ಗಟ್ಟಿಯಾಗಿಯೇ ಚಿವುಟಿದೆ. ಅವರು ನನ್ನ ಕೈ ತೆಗೆದು ನನ್ನ ಮಡಿಲಲ್ಲೇ ಇಟ್ಟರು.

“ಪೆಟ್ಟಿಗೆ ಬಿಚ್ಚು ಮಗಳೇ. ಮೊಮ್ಮಗಳಾಗಿ ಎರಡು ವರ್ಷ ಜೊತೆಗಿದ್ರೆ ಸಾಕು, ಈ ಕರಾರು ನಿನಗೇ ಬರಬೇಕು. ಶಾಲೆ ಕಾಗದ, ಬ್ಯಾಂಕಿನ ಕಾಗದ, ಈ ವಿಳಾಸ ಇರೋದೆಲ್ಲ ಎತ್ತಿಡು. ಯಾವುದಕ್ಕೂ ಸಹಿ ಹಾಕ್ಬೇಡ. ನಾಳೆ ನಿನ್ನನ್ನ ಬಾಡಿಗೆದಾರರ ಸಂಘದ ವಕೀಲರ ಹತ್ತಿರ ಕರ್ಕೊಂಡು ಹೋಗ್ತೀನಿ.”

ಹುಡುಗಿ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತು ಅತ್ತಳು. ನನಗೂ ಅಳು ಬಂತು, ಬೇರೆ ಕಾರಣಕ್ಕೆ.

ಬೀದಿಗೆ ಬಂದ ಮೇಲೆ ತಡೆಯಲಾಗಲಿಲ್ಲ. “ನನಗೆ ಮನೆ ನೋಡೋಕೆ ಬಂದ್ರೋ, ಅವಳಿಗೋ? ಒಂದು ದಿನ ಬಾಯಿ ಮುಚ್ಚಿಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಬೈಯಿ, ಚೆನ್ನಾಗಿ ಬೈಯಿ,” ಎಂದರು ದೋನ್ಯಾ. “ಅವಳು ಹೇಳೋಕೆ ಮುಂಚೆ ನನಗೂ ಆ ಮನೆ ನಿನ್ನದೇ ಅನ್ನಿಸಿತ್ತು. ಕೇಳಿಸಿಕೊಂಡ ಮೇಲೆ ಹೇಗೆ ಬಾಯಿ ಮುಚ್ಚಲಿ?”

“ಅಮ್ಮನಿಗೆ ಏನು ಹೇಳ್ಲಿ?”

“ಆದದ್ದನ್ನೇ ಹೇಳು.”

ನಾನು ಅವರನ್ನು ಅಲ್ಲೇ ಬಿಟ್ಟು ನಡೆದುಬಿಟ್ಟೆ.

ಮನೆಯಲ್ಲಿ ಅಮ್ಮ ಬಾಳೆಕಾಯಿ ಬೇಯಿಸಿ ಕಿವುಚುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು. ಆದರೂ ನಾನು ಉರಿದುಕೊಂಡೇ ಎಲ್ಲ ಹೇಳಿದೆ. ದೋನ್ಯಾರ ಅಧಿಕಪ್ರಸಂಗ, ಆ ಹುಡುಗಿಯ ಅದೃಷ್ಟ, ಹಾಳು ಕಾಯಿದೆ.

ಅಮ್ಮನ ಕೈ ನಿಂತಿತು. “ಜೊತೆಗಿದ್ದವರಿಗೇ ಮನೆ ಬರುತ್ತಾ? ಖಂಡಿತನಾ?”

“ಖಂಡಿತ. ಅದಕ್ಕೇ ನಮಗೆ ಸಿಗಲಿಲ್ಲ.”

“ಅದಲ್ಲ ಬೆಲ್ಕಿಸ್. ಈ ಮನೆ ಕರಾರು ನನ್ನ ಹೆಸರಲ್ಲಿದೆ. ನಾನು ಹೋದ್ಮೇಲೆ ನಿನ್ನನ್ನ ಇಲ್ಲಿಂದ ಎಬ್ಬಿಸೋ ಹಾಗಿಲ್ಲ ಅಂತಾಯ್ತು?”

 ಮೂವತ್ತೊಂದು ವರ್ಷ ಇದೇ ಮನೆಯಲ್ಲಿದ್ದೇನೆ, ನನಗಿದು ಒಮ್ಮೆಯೂ ಹೊಳೆದಿರಲಿಲ್ಲ.

“ಹೌದಮ್ಮ, ಎಬ್ಬಿಸೋ ಹಾಗಿಲ್ಲ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. “ಹಾಗಾದ್ರೆ ನಿನಗೆ ಮನೆ ಉಳೀಲಿ ಅಂತ ನಾನು ಹುಷಾರಾಗಿ ಬದುಕಿರಬೇಕು ಅನ್ನೋ ಗಾಬರಿ ಬೇಡ,” ಎಂದು ನಕ್ಕಳು. ಆಮೇಲೆ ನಿಧಾನಕ್ಕೆ, “ಸುನಿಲ್ದಾನ ನಾಳೆ ಊಟಕ್ಕೆ ಕರಿ,” ಅಂದಳು.

ಮಂಡಿನೋವು ನನಗೆ ಗೊತ್ತಿತ್ತು. ಇಷ್ಟು ವರ್ಷ ಈ ಭಯವನ್ನೂ ಹೊತ್ತುಕೊಂಡು ಅವಳು ಐದು ಮಹಡಿ ಹತ್ತುತ್ತಿದ್ದಳೆಂದು ಗೊತ್ತಿರಲಿಲ್ಲ.