ಮೂರು ಮಿಲಿಮೀಟರ್

ಇಪ್ಪತ್ತನಾಲ್ಕು ಮಿಲಿಮೀಟರ್ ಇತ್ತು. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಇಪ್ಪತ್ತೊಂದು ಎಂದಿತ್ತು. ಪ್ಲಾಸ್ಟಿಕ್ ಸ್ಕೇಲನ್ನು ಮೂರು ಸಲ ಹಿಡಿದು ನೋಡಿದೆ. ಮೂರು ಸಲವೂ ಅಷ್ಟೇ.

ಅಳೆದದ್ದು ಅಣ್ಣನ ಮೋಟಾರ್ ಸೈಕಲಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರಿನ ಫ್ಲೋಟಿನ ಎತ್ತರ. ಎಂಬತ್ತರ ದಶಕದ ಮಾತು. ನಾನು ಭೌತಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆ ಮುಗಿಸಿ, ಕುಂಬ್ರದ ಹತ್ತಿರದ ನಮ್ಮ ಮನೆಯಲ್ಲಿ ಫಲಿತಾಂಶಕ್ಕೆ ಕಾಯುತ್ತಿದ್ದೆ. ಅಣ್ಣ ಶಾಲೆಯಲ್ಲಿ ಮಾಸ್ತರು. ಬೈಕು ಏರಿನಲ್ಲಿ ಎಳೆಯುವುದಿಲ್ಲ ಎಂದು ವಾರದಿಂದ ಗೊಣಗುತ್ತಿದ್ದ. ಆ ಭಾನುವಾರ ಅವನು ಬಸ್ಸಿನಲ್ಲಿ ಪೆರಾಬೆಗೆ ಮದುವೆಗೆ ಹೋದಾಗ, ನಾನು ಯಾರಿಗೂ ಹೇಳದೆ ಕಾರ್ಬುರೇಟರ್ ಬಿಚ್ಚಿದೆ.

ಒಳಗಿನ ಫ್ಲೋಟ್ ಪೆಟ್ರೋಲಿನ ಮೇಲೆ ತೇಲುತ್ತದೆ. ಪೆಟ್ರೋಲ್ ಸಾಕಷ್ಟಾದಾಗ ಮೇಲೆದ್ದು ಸೂಜಿಯಂಥ ಒಂದು ಸಣ್ಣ ನೀಡಲನ್ನು ಒತ್ತಿ ದಾರಿ ಮುಚ್ಚುತ್ತದೆ. ಈ ಅಳತೆ ಕಮ್ಮಿಯಾದಷ್ಟೂ ಒಳಗೆ ಪೆಟ್ರೋಲ್ ಹೆಚ್ಚು ನಿಲ್ಲುತ್ತದೆ. ಫ್ಲೋಟಿನ ಹಿತ್ತಾಳೆ ನಾಲಗೆಯನ್ನು ತುಸು ಬಗ್ಗಿಸಿ ಪುಸ್ತಕದ ಅಳತೆಗೆ ತಂದೆ. ಮೊದಲಿನ ಅಳತೆ ಇಟ್ಟಿದ್ದವರು ಕುಂಬ್ರದ ಗ್ಯಾರೇಜಿನ ಸಾಹೇಬರು. ಅವರು ಪುಸ್ತಕ ಓದಿದವರಲ್ಲ ಎಂಬುದೇ ನನಗೆ ಸಾಕಾಗಿತ್ತು. ಮತ್ತೆ ಜೋಡಿಸಿ, ಸ್ಟಾರ್ಟ್ ಮಾಡಿ ನೋಡಿ, ಪೆಟ್ರೋಲ್ ನಲ್ಲಿಯನ್ನು ತೆರೆದೇ ಬಿಟ್ಟೆ. ಅಣ್ಣ ಯಾವಾಗಲೂ ಹಾಗೆಯೇ ಬಿಡುತ್ತಿದ್ದ.

ಸೋಮವಾರ ಬೆಳಿಗ್ಗೆ ಅಂಗಳವೆಲ್ಲ ಪೆಟ್ರೋಲ್ ವಾಸನೆ. ಟ್ಯಾಂಕ್ ಬರಿದು. ಶಾಲೆಗೆ ಅಂದೇ ಇನ್‌ಸ್ಪೆಕ್ಟರು ಬರುವವರಿದ್ದರು. ಅಣ್ಣ ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ತಳ್ಳಿದೆ. ಕುಂಬ್ರದವರೆಗೂ ಅವನ ಬೆನ್ನು ನನ್ನ ಎದುರಿಗೇ ಇತ್ತು. ಹೇಳಬಹುದಿತ್ತು.

"ಎಂತ ಸಾಹೇಬ್ರೆ, ನೀವು ರಿಪೇರಿ ಮಾಡಿದ್ದಾ, ಹಾಳು ಮಾಡಿದ್ದಾ?" ಅಣ್ಣ ರಸ್ತೆಯಿಂದಲೇ ಕೂಗಿದ.

ಸಾಹೇಬರು ಕಾರ್ಬುರೇಟರ್ ಬಿಚ್ಚಿದರು. ಗೋಡೆಯ ಮೊಳೆಯಿಂದ ಒಂದು ತಗಡಿನ ತುಂಡು ತೆಗೆದು ಫ್ಲೋಟಿಗೆ ಹಿಡಿದರು. ಪ್ರತಿ ಗಾಡಿಗೂ ಅಂಥದೊಂದು ಅಳತೆಯನ್ನು ಅವರೇ ಕತ್ತರಿಸಿಟ್ಟುಕೊಂಡಿದ್ದರು.

"ಇದು ನಾನು ಇಟ್ಟದ್ದಲ್ಲ ಮಾಸ್ಟ್ರೆ. ನೀಡಲ್ ಸವೆದಿದೆ. ಹೊಸತು ಮಂಗಳೂರಿಂದ ಬರುವವರೆಗೆ ಅಂತ ಪೆಟ್ರೋಲ್ ಕಮ್ಮಿ ನಿಲ್ಲುವ ಹಾಗೆ ಇಟ್ಟಿದ್ದೆ. ಏರಿನಲ್ಲಿ ಸ್ವಲ್ಪ ಎಳೆಯುದಿಲ್ಲ, ಆದ್ರೆ ಸೋರುದಿಲ್ಲ. ಯಾರೋ ಮುಟ್ಟಿದ್ದಾರೆ."

"ನಮ್ಮ ಮನೆಯಲ್ಲಿ ಯಾರು ಮುಟ್ಟುದು? ನನ್ನ ತಂಗಿಯಾ?"

ಪಕ್ಕದ ಚಾದಂಗಡಿಯಲ್ಲಿ ಕೂತವರು ನಕ್ಕರು. "ಸಾಹೇಬ್ರ ಕಣ್ಣಿಗೆ ಪೊರೆ ಬಂದಿದೆ ಮಾರಾಯ್ರೆ," ಎಂದ ಒಬ್ಬ. "ಎದುರು ಹೊಸ ಗ್ಯಾರೇಜ್ ಉಂಟಲ್ಲ, ಇನ್ನು ಅಲ್ಲಿಗೇ ಹೋಗುದು ಒಳ್ಳೆದು."

ಪೊರೆ ಬಂದದ್ದು ನಿಜವೇ. ಆ ಮಾತು ಹಬ್ಬಿದರೆ ಅವರ ಗ್ಯಾರೇಜಿಗೆ ಗಾಡಿ ಬರುವುದಿಲ್ಲ. ಸಾಹೇಬರು ಒಮ್ಮೆ ನನ್ನ ಕೈ ನೋಡಿದರು. ಎರಡು ಸಲ ಸೋಪು ಹಾಕಿ ತೊಳೆದರೂ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಕಪ್ಪು ಉಳಿದಿತ್ತು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಇರ್ಲಿ, ನನ್ನದೇ ತಪ್ಪಿರಬಹುದು," ಎಂದು ಅವರು ತಗಡನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು.

ಅವರಿಗೆ ತಿಳಿದಿತ್ತು. ಒಂದು ಹೆಣ್ಣುಮಗಳ ಮಾನ ಉಳಿಸಲು ತಮ್ಮ ಕಣ್ಣಿನ ಮೇಲಿನ ಆರೋಪ ಒಪ್ಪಿಕೊಂಡರು. ಕಂಡರೂ ಕಾಣದಂತೆ ನಿಂತವಳು ನಾನು.

ಸಂಜೆ ಅಣ್ಣ, "ಇನ್ನು ಎದುರಿನ ಗ್ಯಾರೇಜೇ. ಚಾದಂಗಡಿಯವರೂ ಅಲ್ಲಿಗೇ ಅಂತೆ," ಎಂದ.

ಮರುದಿನ ಬೆಳಿಗ್ಗೆ ಅಣ್ಣನಿಗೆ ಕಾಫಿ ಕೊಡುವಾಗ ಹೇಳಿದೆ. ಅವನು ಲೋಟ ಕೆಳಗಿಟ್ಟ. ಅವನ ಉತ್ತರಕ್ಕೆ ಕಾಯದೆ, ಸ್ಕೇಲು ಪುಸ್ತಕ ಎರಡನ್ನೂ ಹಿಡಿದುಕೊಂಡು ಕುಂಬ್ರಕ್ಕೆ ನಡೆದೆ. ಚಾದಂಗಡಿ ತುಂಬಿತ್ತು. ಅದಕ್ಕೂ ಗ್ಯಾರೇಜಿಗೂ ನಡುವೆ ನಿಂತು, "ನಿನ್ನೆಯ ಅಳತೆ ಸಾಹೇಬರದ್ದಲ್ಲ. ಭಾನುವಾರ ನಾನು ಬದಲಿಸಿದ್ದು," ಎಂದೆ.

"ಎಂತ ಅಕ್ಕ? ಕೇಳ್ಲಿಲ್ಲ," ಎಂದಿತು ಒಳಗಿನಿಂದ ಒಂದು ದನಿ.

ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದೆ.